ನಗುವಾಗಲೇ ಬರೆದ ಕಾಗದ

೩೮ ವರ್ಷಗಳ ಕಾಲ ತಿಪಟೂರಿನಲ್ಲಿ ಪತ್ರಬರಹಗಾರನಾಗಿ ಅನ್ನ ತಿಂದವನು ನಾನು. ಕ್ರಯಪತ್ರ, ಅಡಮಾನಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು—ಮನುಷ್ಯರು ತಮ್ಮತಮ್ಮಲ್ಲಿ ಮಾಡಿಕೊಳ್ಳಬಹುದಾದ ಏರ್ಪಾಡುಗಳೆಲ್ಲವೂ ನನ್ನ ಲೇಖನಿಯ ಕೆಳಗೆ ಹಾದುಹೋಗಿವೆ. ಅಷ್ಟನ್ನೂ ಬರೆದ ಮೇಲೆ ನನಗೆ ದಕ್ಕಿದ ತಿಳಿವಳಿಕೆ ಒಂದೇ: ನಮ್ಮ ಜನ ಕಾಗದ ಬರೆಯಿಸುವುದು ಮನಸ್ಸು ಮುರಿದ ಮೇಲೆ. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುವಷ್ಟು ದಿನ ‘ನಮ್ಮನಮ್ಮಲ್ಲಿ ಕಾಗದವೇಕೆ?’ ಎನ್ನುತ್ತಾರೆ. ಒಲೆ ಎರಡಾದ ಮರುದಿನ ಬರಹಗಾರನ ಮನೆಯ ಬಾಗಿಲು ತಟ್ಟುತ್ತಾರೆ. ಆಗ ಬರೆದ ಪತ್ರದಲ್ಲಿ ಒಬ್ಬೊಬ್ಬರ ಕೋಪವೂ ಒಂದೊಂದು ಷರತ್ತಾಗಿ ಬಂದು ಕುಳಿತುಕೊಳ್ಳುತ್ತದೆ.

ಇದಕ್ಕೆ ತೀರ ವಿರುದ್ಧವಾದ ಪದ್ಧತಿಯೊಂದನ್ನು ನನ್ನ ಇಳಿವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಕಂಡೆ. ಅಲ್ಲಿ ಜನ ಕೈಕುಲುಕಿ, ಸಿಹಿ ಹಂಚಿ, ಒಬ್ಬರ ಬೆನ್ನನ್ನು ಒಬ್ಬರು ತಟ್ಟಿ, ಅದೇ ವಾರ ಮೇಜಿನ ಸುತ್ತ ಕುಳಿತು, ಮುಂದೆ ತಾವು ಯಾವಯಾವ ರೀತಿಯಲ್ಲಿ ಬೇರೆಯಾಗಬಹುದೆಂಬುದನ್ನು ನೂರು ಪುಟಗಳಲ್ಲಿ ಬರೆಯಿಸುತ್ತಾರೆ. ಸಾಹಸ ಬಂಡವಾಳದ ಕರಾರೆಂದರೆ ಇದೇ. ಅದನ್ನು ಬರೆಯುವುದಕ್ಕೂ ತಿದ್ದುವುದಕ್ಕೂ ಪ್ರತ್ಯೇಕವಾಗಿ ಪಳಗಿದ ವಕೀಲರ ಸಂಸ್ಥೆಗಳು ಉಂಟು.

ಈ ಲೋಕದೊಳಕ್ಕೆ ನನ್ನನ್ನು ಎಳೆದುಕೊಂಡು ಹೋದವಳು ನನ್ನ ತಮ್ಮನ ಮಗಳು. ಎಂಜಿನಿಯರಿಂಗ್ ಓದಿದ ಹುಡುಗಿ. ಸಹಪಾಠಿಯೊಬ್ಬನನ್ನು ಜೊತೆ ಮಾಡಿಕೊಂಡು, ಕೊಬ್ಬರಿಯ ತೇವಾಂಶವನ್ನು ಅಳೆದು ಅದರ ದರ್ಜೆಯನ್ನು ಹೇಳುವ ಸಣ್ಣ ಯಂತ್ರವನ್ನೂ ಅದಕ್ಕೆ ತಕ್ಕ ತಂತ್ರಾಂಶವನ್ನೂ ಸಿದ್ಧಪಡಿಸಿದಳು. ೨೦೨೨ರಲ್ಲಿ ಬಂಡವಾಳ ನಿಧಿಯೊಂದು ಅವರ ಕಂಪೆನಿಗೆ ೧೦ ಕೋಟಿ ರೂಪಾಯಿ ಹಾಕಲು ಮುಂದೆ ಬಂದಿತು. ಅದಕ್ಕೆ ಪ್ರತಿಯಾಗಿ ನಿಧಿಗೆ ಶೇಕಡಾ ೨೦ ಪಾಲು. ಇಬ್ಬರು ಸ್ಥಾಪಕರಿಗೆ ತಲಾ ೩೫, ನೌಕರರಿಗಾಗಿ ಮೀಸಲು ೧೦. ‘ದೊಡ್ಡಪ್ಪಾ, ನೀವು ಕಾಗದ ನೋಡಿದವರು; ನನ್ನ ಜೊತೆ ಬಂದು ಸುಮ್ಮನೆ ಕುಳಿತಿರಿ’ ಎಂದಳು. ಸುಮ್ಮನೆ ಕುಳಿತಿರುವುದು ನನ್ನ ವೃತ್ತಿಯಲ್ಲಿ ಅರ್ಧ ಕೆಲಸ. ಹೋದೆ.

‘೧೦ ಕೋಟಿ ಸಾಲವೆ?’ ಎಂದು ನನ್ನ ಹೆಂಡತಿ ಗಾಬರಿಯಾದಳು. ಸಾಲವಲ್ಲ. ಬ್ಯಾಂಕು ಹೊಲಮನೆಯನ್ನು ಬರೆಯಿಸಿಕೊಂಡು ಹಣ ಕೊಡುತ್ತದೆ. ನೀವು ಮುಳುಗಿದರೂ ತೇಲಿದರೂ ಕಂತನ್ನು ಕೇಳುತ್ತದೆ. ಸಾಹಸ ಬಂಡವಾಳಗಾರನಾದರೋ ಅಡಮಾನ ಕೇಳುವುದಿಲ್ಲ, ಪಾಲು ಕೇಳುತ್ತಾನೆ. ಹತ್ತು ಕಡೆ ಹಾಕಿದ ಹಣದಲ್ಲಿ ಹಲವು ಕಡೆಯದು ಹೋಗಿಯೇ ಹೋಗುತ್ತದೆಂದು ಅವನಿಗೆ ಮೊದಲೇ ಗೊತ್ತು. ಉಳಿದ ಒಂದೆರಡು ಕಡೆ ಬಂದದ್ದರಲ್ಲಿ ಎಲ್ಲವೂ ತೀರಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ ೧೯೪೬ರಲ್ಲಿ ಜಾರ್ಜ್ ಡೊರಿಯೊ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಇಂಥ ಒಂದು ಸಂಸ್ಥೆಯನ್ನು ಕಟ್ಟಿದರು. ೧೯೫೭ರಲ್ಲಿ ಅದು ಇಬ್ಬರು ಎಂಜಿನಿಯರುಗಳ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪೆನಿಗೆ ೭೦,೦೦೦ ಡಾಲರ್ ಹಾಕಿ, ಸುಮಾರು ಶೇಕಡಾ ೭೦ ಪಾಲು ಪಡೆಯಿತು. ಆ ಹಣ ನೂರಾರು ಪಟ್ಟು ಬೆಳೆಯಿತು. ಈ ವ್ಯವಹಾರ ಕ್ಯಾಲಿಫೋರ್ನಿಯಕ್ಕೆ ಹಬ್ಬಿದಾಗ ಇದರಲ್ಲೇ ನುರಿತ ವಕೀಲರೂ ಅಲ್ಲಿ ತಲೆಯೆತ್ತಿದರು. ಪಾಲೊ ಆಲ್ಟೊ ಎಂಬ ಊರಿನಲ್ಲಿ ೧೯೬೧ರಲ್ಲಿ ಮೂಡಿದ, ಇಂದು ವಿಲ್ಸನ್ ಸೊನ್ಸಿನಿ ಎಂದು ಹೆಸರಾದ ಸಂಸ್ಥೆ ೧೯೮೦ರಲ್ಲಿ ಆಪಲ್ ಕಂಪೆನಿ ಸಾರ್ವಜನಿಕರಿಗೆ ಷೇರು ನೀಡಿದಾಗ ಅದರ ಪರ ವಕೀಲನಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೂ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಸೇರಿ ೧೯೮೮ರಲ್ಲಿಯೇ ಟಿಡಿಐಸಿಐ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದವು. ಸೆಬಿ ಈ ನಿಧಿಗಳಿಗಾಗಿ ೧೯೯೬ರಲ್ಲಿ ನಿಯಮಗಳನ್ನು ಮಾಡಿತು. ೨೦೧೨ರಲ್ಲಿ ಅವುಗಳ ಸ್ಥಾನದಲ್ಲಿ ಪರ್ಯಾಯ ಹೂಡಿಕೆ ನಿಧಿಗಳ ನಿಯಮಗಳು ಬಂದವು. ಅಂತೂ ನಮ್ಮ ಹುಡುಗಿ ಹೊರಟದ್ದು ಹೊಸ ದಾರಿಯೇನೂ ಆಗಿರಲಿಲ್ಲ.

ಮೊದಲು ಬಂದದ್ದು ಟರ್ಮ್ ಷೀಟ್ ಎಂಬ ನಾಲ್ಕೈದು ಪುಟಗಳ ಕಾಗದ. ಅದನ್ನು ಓದಿ, ‘ಇದು ನಮ್ಮ ತಾಂಬೂಲ ಬದಲಾಯಿಸುವ ಶಾಸ್ತ್ರ’ ಎಂದೆ. ಹಾಗೆಂದರೆ, ಮದುವೆ ಇನ್ನೂ ಆಗಿಲ್ಲ. ಅದರಲ್ಲಿರುವ ಹೆಚ್ಚಿನ ಮಾತುಗಳು ಕಾನೂನಿನ ಮಟ್ಟಿಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಗುಟ್ಟನ್ನು ಕಾಯತಕ್ಕದ್ದು, ಗೊತ್ತಾದ ಅವಧಿಯವರೆಗೆ ಬೇರೊಬ್ಬ ಬಂಡವಾಳಗಾರನೊಡನೆ ಮಾತನಾಡಕೂಡದು ಎಂಬಂಥ ಕೆಲವು ಮಾತುಗಳು ಮಾತ್ರ ಕಟ್ಟುತ್ತವೆ. ಆದರೆ ತಾಂಬೂಲದ ದಿನ ಒಪ್ಪಿದ್ದನ್ನು ಮದುವೆಯ ಚಪ್ಪರದಲ್ಲಿ ಅಲ್ಲಗಳೆಯುವುದು ಎಷ್ಟು ಕಷ್ಟವೆಂಬುದು ಓದುಗರಿಗೆ ಗೊತ್ತೇ ಇದೆ. ಆದುದರಿಂದ ವಕೀಲರು ಬರಬೇಕಾದದ್ದು ಚಪ್ಪರಕ್ಕಲ್ಲ, ತಾಂಬೂಲಕ್ಕೆ.

ಇಲ್ಲಿಯೇ ನಮ್ಮವರಲ್ಲಿ ಮೊದಲ ಭಿನ್ನಾಭಿಪ್ರಾಯ ಹುಟ್ಟಿತು. ಕಾಗದಗಳನ್ನು ಬಂಡವಾಳಗಾರರ ವಕೀಲರು ಬರೆಯುವುದು ವಾಡಿಕೆ. ಅವರ ಶುಲ್ಕವನ್ನು ಗೊತ್ತಾದ ಒಂದು ಮಿತಿಯವರೆಗೆ ಕಂಪೆನಿಯೇ, ಎಂದರೆ ಬಂದ ಹಣದಿಂದಲೇ, ಕೊಡುವುದೂ ವಾಡಿಕೆ. ನಮ್ಮ ಹುಡುಗಿಯ ಜೊತೆಗಾರ, ೨೭ ವರ್ಷದ ಉತ್ಸಾಹಿ, ‘ಅವರ ವಕೀಲರಿಗೆ ನಾವೇ ದುಡ್ಡು ಕೊಡುತ್ತಿದ್ದೇವೆ. ಅಂದಮೇಲೆ ಅವರು ನಮ್ಮನ್ನೂ ನೋಡಿಕೊಳ್ಳುತ್ತಾರೆ. ಎರಡನೆಯ ಖರ್ಚೇಕೆ?’ ಎಂದ. ನಾನು ಸುಮ್ಮನೆ ಕುಳಿತಿರುವ ವ್ರತವನ್ನು ಮುರಿದು ಹೇಳಿದೆ: ‘ಅಪ್ಪಾ, ದುಡ್ಡು ಯಾರ ಜೇಬಿನಿಂದ ಹೋಯಿತೆಂಬುದರಿಂದ ವಕೀಲ ಯಾರವನೆಂಬುದು ಗೊತ್ತಾಗುವುದಿಲ್ಲ, ಯಾರ ಮಾತನ್ನು ಕೇಳಿ ಬರೆಯುತ್ತಾನೆಂಬುದರಿಂದ ಗೊತ್ತಾಗುತ್ತದೆ.’ ಕೊನೆಗೆ ಇದೇ ಕೆಲಸದಲ್ಲಿ ಪಳಗಿದ ಬೇರೊಂದು ಸಂಸ್ಥೆಯ ತರುಣ ವಕೀಲೆಯೊಬ್ಬರನ್ನು ಕಂಪೆನಿಯ ಪರವಾಗಿ ಗೊತ್ತುಮಾಡಿದರು.

ಆಕೆ ಆಡಿದ ಮೊದಲ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ‘ನಾನು ಕಂಪೆನಿಯ ವಕೀಲೆ. ನಿಮ್ಮಿಬ್ಬರ ಸ್ವಂತ ವಕೀಲೆಯಲ್ಲ. ಈ ಕರಾರಿನಲ್ಲಿ ಕಂಪೆನಿಯ ಹಿತಕ್ಕೂ ನಿಮ್ಮ ಹಿತಕ್ಕೂ ದಾರಿ ಬೇರೆಯಾಗುವ ಜಾಗ ಬಂದಾಗ ಹೇಳುತ್ತೇನೆ. ಅಲ್ಲಿ ನೀವು ಬೇರೆಯವರ ಸಲಹೆ ಪಡೆಯಬೇಕು.’ ಮೂರು ಜನಕ್ಕೆ ಮೂರು ಬಗೆಯ ವಕೀಲರು! ಹುಡುಗ ನನ್ನ ಮುಖ ನೋಡಿದ. ಕಂಪೆನಿಯೆಂಬುದು ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಬ್ಬ ವ್ಯಕ್ತಿ; ಹೆತ್ತವರದೇ ಮಗುವಾದರೂ ಮಗುವಿನ ಆಸ್ತಿ ಬೇರೆ, ಹೆತ್ತವರ ಆಸ್ತಿ ಬೇರೆ ಎಂದು ಅವನಿಗೆ ವಿವರಿಸಿದೆ.

ಆಮೇಲೆ ಶೋಧನೆ ಆರಂಭವಾಯಿತು. ಜಮೀನು ಕೊಳ್ಳುವವನು ಮೂಲಪತ್ರವನ್ನು ಕೇಳಿ, ಋಣಭಾರದ ಸರ್ಟಿಫಿಕೇಟು ತೆಗೆಸುವಂತೆ ಬಂಡವಾಳಗಾರರ ವಕೀಲರು ಕಂಪೆನಿಯ ಹುಟ್ಟಿನಿಂದ ಮೊದಲುಗೊಂಡು ಎಲ್ಲ ದಾಖಲೆಗಳನ್ನೂ ಕೇಳಿದರು. ನೌಕರರ ಕರಾರು, ತೆರಿಗೆ, ಬಾಡಿಗೆ, ವ್ಯಾಜ್ಯ, ಎಲ್ಲವೂ ಆಯಿತು. ಒಂದು ಪ್ರಶ್ನೆಗೆ ಮಾತ್ರ ನಮ್ಮವರಲ್ಲಿ ಉತ್ತರವಿರಲಿಲ್ಲ: ತಂತ್ರಾಂಶದ ಮೊದಲ ಭಾಗವನ್ನು ಬರೆದವರು ಯಾರು? ಕಂಪೆನಿ ಹುಟ್ಟುವುದಕ್ಕೆ ಮೊದಲು ಗೆಳೆಯನೊಬ್ಬ ಸ್ನೇಹಕ್ಕಾಗಿ ಬರೆದುಕೊಟ್ಟಿದ್ದ. ನೌಕರ ಕೆಲಸದ ಅಂಗವಾಗಿ ಬರೆದದ್ದಾದರೆ ಅದು ಸಾಮಾನ್ಯವಾಗಿ ಧಣಿಯದು. ಗೆಳೆಯ ಬರೆದದ್ದು ಗೆಳೆಯನದೇ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಆ ಹಕ್ಕನ್ನು ವರ್ಗಾಯಿಸಬೇಕಾದರೆ ಬರಹದ ಮೂಲಕವೇ ಆಗಬೇಕು. ಅದರಲ್ಲಿಯೂ ಅವಧಿಯನ್ನು ಹೇಳದಿದ್ದರೆ ವರ್ಗಾವಣೆ ೫ ವರ್ಷಕ್ಕೆ ಮಾತ್ರ. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ. ಇದನ್ನು ಕೇಳಿ ನಾನು ಬೆರಗಾದೆ. ಗಡಿ ಬರೆಯದ ಕ್ರಯಪತ್ರವನ್ನು ಕಂಡಿದ್ದೆ. ಆದರೆ ಗಡಿಯನ್ನು ಬರೆಯದಿದ್ದರೆ ಗಡಿಯನ್ನು ತಾನೇ ಹಾಕಿಬಿಡುವ ಕಾಯಿದೆಯನ್ನು ಕಂಡಿರಲಿಲ್ಲ. ಆ ಗೆಳೆಯ ಆಗ ಹೈದರಾಬಾದಿನಲ್ಲಿದ್ದ. ವಕೀಲೆ ಬರೆದ ಪತ್ರಕ್ಕೆ, ತಕ್ಕ ಸಂಭಾವನೆ ಪಡೆದು, ಸಂತೋಷವಾಗಿ ಸಹಿ ಮಾಡಿದ. ಸ್ನೇಹವಿದ್ದಾಗ ಸಹಿ ಸುಲಭ. ಯಂತ್ರ ಊರೂರಿಗೆ ಹರಡಿ ಕಂಪೆನಿಗೆ ಬೆಲೆ ಬಂದ ಮೇಲೆ ಕೇಳಿದ್ದರೆ ಅವನೂ ಮನುಷ್ಯನೇ ತಾನೆ?

ಮುಂದೆ ಹಣದ ಹಂಚಿಕೆಯ ಷರತ್ತು ಬಂದಿತು. ಕಂಪೆನಿಯನ್ನು ಮಾರಿದಾಗ ಯಾರು ಮೊದಲು ಕೈಚಾಚಬೇಕೆಂಬ ಪ್ರಶ್ನೆ ಅದು. ಬಂಡವಾಳಗಾರರ ಕರಡಿನಲ್ಲಿ, ತಾವು ಹಾಕಿದ್ದರ ಎರಡರಷ್ಟನ್ನು ಮೊದಲು ತೆಗೆದುಕೊಂಡು, ಉಳಿದದ್ದರಲ್ಲಿಯೂ ತಮ್ಮ ಶೇಕಡಾ ೨೦ ಪಾಲನ್ನು ಪಡೆಯುವುದೆಂದಿತ್ತು. ಇಂಗ್ಲಿಷಿನಲ್ಲಿ ಒಂದು ವಾಕ್ಯ. ಯಾರೂ ತಡೆದು ನಿಲ್ಲದಷ್ಟು ಸಾಧಾರಣವಾದ ವಾಕ್ಯ. ವಕೀಲೆ ಹಾಳೆಯೊಂದನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ವ್ಯಾಪಾರ ಅಷ್ಟಾಗಿ ಏಳದೆ ಕಂಪೆನಿ ೧೨ ಕೋಟಿಗೆ ಮಾರಾಟವಾಯಿತೆನ್ನಿ. ಈ ಕರಡಿನಂತೆ ೨೦ ಕೋಟಿಯವರೆಗೆ ಬಂಡವಾಳಗಾರರದೇ ಮುಂಗೈ. ೧೨ ಕೋಟಿಯೂ ಅವರದೇ. ಮಿಕ್ಕವರಿಗೆ ಸೊನ್ನೆ. ಹಾಕಿದಷ್ಟನ್ನು ಮಾತ್ರ ಮೊದಲು ಪಡೆಯುವುದೆಂದಾದರೆ ೧೦ ಕೋಟಿ ಅವರಿಗೆ, ೨ ಕೋಟಿ ಇವರಿಗೆ. ಕಂಪೆನಿ ಚೆನ್ನಾಗಿ ಬೆಳೆದು ೧೦೦ ಕೋಟಿಗೆ ಮಾರಾಟವಾಯಿತೆನ್ನಿ. ಈ ಕರಡಿನಂತೆ ಮೊದಲು ೨೦ ಕೋಟಿ, ಉಳಿದ ೮೦ರಲ್ಲಿ ೧೬, ಒಟ್ಟು ೩೬ ಕೋಟಿ ಅವರಿಗೆ. ಹಾಕಿದ್ದನ್ನು ಪಡೆಯುವುದು ಅಥವಾ ಪಾಲನ್ನು ಪಡೆಯುವುದು, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳತಕ್ಕದ್ದೆಂದಾದರೆ ಅವರಿಗೆ ೨೦ ಕೋಟಿ. ಒಂದು ವಾಕ್ಯಕ್ಕೆ ೧೬ ಕೋಟಿ ರೂಪಾಯಿ ಬೆಲೆ! ನನ್ನ ೩೮ ವರ್ಷಗಳ ಬರವಣಿಗೆಯಲ್ಲಿ ಇಷ್ಟು ತುಟ್ಟಿಯಾದ ವಾಕ್ಯವನ್ನು ನಾನು ಬರೆದಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಎದುರಿಗೆ ಕುಳಿತಿದ್ದ ವಕೀಲರು ದುಷ್ಟರಲ್ಲ, ಬಹಳ ಸೌಜನ್ಯವಂತರು. ನಿಧಿಯವರ ಹಣ ಅವರ ಸ್ವಂತದ್ದಲ್ಲ. ಬೇರೆಯವರು ನಂಬಿ ಒಪ್ಪಿಸಿದ್ದು, ಗೊತ್ತಾದ ವರ್ಷಗಳೊಳಗೆ ಹಿಂದಿರುಗಿಸಬೇಕಾದದ್ದು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆಯನ್ನು ಅವರೂ ಬಲ್ಲರು. ಎರಡೂ ಕಡೆಯ ವಕೀಲರು ಒಂದು ಮಧ್ಯಾಹ್ನ ವಾದಿಸಿ, ‘ಹಾಕಿದಷ್ಟು ಅಥವಾ ಪಾಲು, ಎರಡರಲ್ಲಿ ಒಂದು’ ಎಂಬಲ್ಲಿಗೆ ಬಂದು ನಿಂತರು. ಒಬ್ಬರೂ ದನಿ ಏರಿಸಲಿಲ್ಲ. ನಮ್ಮ ಕಡೆ ಎರಡು ಗುಂಟೆಗೆ ದೊಣ್ಣೆ ಹಿಡಿದವರನ್ನು ಕಂಡ ನನಗೆ ಅದೇ ಒಂದು ಅದ್ಭುತವಾಗಿ ತೋರಿತು.

ಇನ್ನೊಂದು ಸಂಗತಿ ನನ್ನ ವೃತ್ತಿಗೆ ಹತ್ತಿರವಾದದ್ದು. ಒಪ್ಪಂದದಲ್ಲಿ ಬರೆದದ್ದನ್ನು ಕಂಪೆನಿಯ ನಿಯಮಾವಳಿಯಲ್ಲಿಯೂ ಮತ್ತೆ ಬರೆಯಬೇಕೆಂದು ಇಬ್ಬರು ವಕೀಲರೂ ಪಟ್ಟುಹಿಡಿದರು. ಏತಕ್ಕೆಂದು ಕೇಳಿದೆ. ರಂಗರಾಜ್ ವಿರುದ್ಧ ಗೋಪಾಲಕೃಷ್ಣನ್ ಎಂಬ ಮೊಕದ್ದಮೆಯ ಕಥೆಯನ್ನು ಹೇಳಿದರು. ಅಣ್ಣತಮ್ಮಂದಿರ ಎರಡು ಶಾಖೆಗಳು ಸಮಸಮವಾಗಿ ಷೇರು ಹಿಡಿದಿದ್ದ ಒಂದು ಖಾಸಗಿ ಕಂಪೆನಿ. ಯಾವ ಶಾಖೆಯವನು ಮಾರಿದರೂ ಮೊದಲು ತನ್ನ ಶಾಖೆಯವರಿಗೇ ಕೊಡತಕ್ಕದ್ದೆಂದು ಹಿರಿಯರಲ್ಲಿ ಬಾಯಿಮಾತಿನ ಒಪ್ಪಂದ. ಮಕ್ಕಳ ಕಾಲದಲ್ಲಿ ಒಬ್ಬ ಇನ್ನೊಂದು ಶಾಖೆಯವರಿಗೆ ಮಾರಿದ. ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನಿಯಮಾವಳಿಯಲ್ಲಿಲ್ಲದ ಆ ನಿರ್ಬಂಧ ಕಂಪೆನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟುವುದಿಲ್ಲವೆಂದು ೧೯೯೧ರ ಕೊನೆಯಲ್ಲಿ ತೀರ್ಪಾಯಿತು. ಆ ತೀರ್ಪಿನ ವ್ಯಾಪ್ತಿಯ ವಿಷಯವಾಗಿ ನ್ಯಾಯಾಲಯಗಳಲ್ಲಿಯೇ ಆಮೇಲೆ ಬೇರೆ ಅಭಿಪ್ರಾಯಗಳೂ ಬಂದಿವೆ. ಆದರೂ ಎಚ್ಚರವುಳ್ಳ ವಕೀಲರು ಎರಡೂ ಕಡೆ ಬರೆದೇ ಬರೆಯುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೋಟಿಗಳ ಮಾತಾಡುವ ಈ ಹೊಸ ವಿದ್ಯೆಯ ಒಂದು ಮುಖ್ಯ ಪಾಠ ಅಣ್ಣತಮ್ಮಂದಿರ ಮನೆಯ ವ್ಯಾಜ್ಯದಿಂದಲೇ ಬಂದದ್ದೆಂದು ತಿಳಿದು ನನಗೆ ಸಮಾಧಾನವಾಯಿತು.

ಕೊನೆಗೆ ಬಂದಿತು, ವಕೀಲೆ ಮೊದಲ ದಿನ ಎಚ್ಚರಿಸಿದ್ದ ಜಾಗ. ಸ್ಥಾಪಕರ ಷೇರು ಅವರದೇ ಆದರೂ ೪ ವರ್ಷಗಳಲ್ಲಿ ತಿಂಗಳು ತಿಂಗಳಾಗಿ ಅವರಿಗೆ ಗಟ್ಟಿಯಾಗುತ್ತದೆ. ನಡುವೆ ಬಿಟ್ಟುಹೋದರೆ ಗಟ್ಟಿಯಾಗದ ಪಾಲನ್ನು ಬಿಟ್ಟುಕೊಡಬೇಕು. ಹಣ ಬಂದ ಮರುದಿನವೇ ಒಬ್ಬ ಎದ್ದುಹೋಗದಿರಲೆಂಬ ಏರ್ಪಾಡು ಅದು, ಅನ್ಯಾಯವಲ್ಲ. ಆದರೆ ಕರಡಿನಲ್ಲಿ, ಮಂಡಲಿಯ ಒಪ್ಪಿಗೆಯಿಲ್ಲದೆ ಯಾವ ಕಾರಣಕ್ಕೆ ಬಿಟ್ಟರೂ ‘ಕೆಟ್ಟ ನಿರ್ಗಮನ’ವೆಂದೂ, ಆಗ ಗಟ್ಟಿಯಾದ ಷೇರನ್ನು ಕೂಡ ಮುಖಬೆಲೆಗೆ ಹಿಂದಿರುಗಿಸತಕ್ಕದ್ದೆಂದೂ ಇತ್ತು. ‘ಇದು ನಿಮ್ಮ ಸ್ವಂತ ವಿಷಯ, ಬೇರೊಬ್ಬರನ್ನು ಕೇಳಿ’ ಎಂದರು ವಕೀಲೆ. ಹುಡುಗನಿಗೆ ರೇಗಿತು. ‘ಮೂರನೆಯ ವಕೀಲರೆ? ನಾನೇಕೆ ಬಿಟ್ಟುಹೋಗುತ್ತೇನೆ?’ ಎಂದ. ನಮ್ಮ ಹುಡುಗಿ ಒತ್ತಾಯ ಮಾಡಿ ಅವನನ್ನು ಹಿರಿಯ ವಕೀಲರೊಬ್ಬರ ಬಳಿಗೆ ಒಂದು ಗಂಟೆಯ ಸಲಹೆಗೆ ಕರೆದುಕೊಂಡು ಹೋದಳು. ನಾನೂ ಹೋದೆ. ಆ ಹಿರಿಯರು ಪುಟವನ್ನು ಓದಿ, ಕನ್ನಡಕ ತೆಗೆದು, ‘ಕಾಯಿಲೆ ಬಿದ್ದರೆ?’ ಎಂದರು. ‘ನನಗೆ ೨೭ ವರ್ಷ’ ಎಂದ ಹುಡುಗ. ‘ಅದು ಉತ್ತರವಲ್ಲ’ ಎಂದು ಅವರು ಪೆನ್ಸಿಲಿನಿಂದ ಒಂದು ಸಾಲನ್ನು ಸೇರಿಸಿದರು: ಮರಣ, ಅಂಗವೈಕಲ್ಯ, ದುಡಿಯಲಾಗದಂಥ ಕಾಯಿಲೆ, ಇವುಗಳಿಂದ ಬಿಟ್ಟವನು ಕೆಟ್ಟ ನಿರ್ಗಮನದವನಲ್ಲ, ಗಟ್ಟಿಯಾದದ್ದು ಅವನದೇ. ಎದುರು ಪಕ್ಷದವರು ಎರಡು ನಿಮಿಷದಲ್ಲಿ ಒಪ್ಪಿದರು. ಕೇಳಿದ್ದರೆ ಕೊಡುತ್ತಿದ್ದುದೇ, ಕೇಳುವವರಿಲ್ಲದಿದ್ದರೆ ಕರಡು ಹಾಗೆಯೇ ನಿಲ್ಲುತ್ತಿತ್ತು.

ಸಹಿಗಳಾದವು. ಬಂದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ೬೦ ದಿನಗಳೊಳಗೆ ಷೇರು ಹಂಚಿ, ಆಮೇಲೆ ೧೫ ದಿನಗಳೊಳಗೆ ಕಂಪೆನಿ ರಿಜಿಸ್ಟ್ರಾರರಿಗೆ ವಿವರ ಸಲ್ಲಿಸಬೇಕು. ಸಲ್ಲಿಸುವವರೆಗೆ ಆ ಹಣವನ್ನು ಮುಟ್ಟಕೂಡದು. ಮುದ್ರಾಂಕದ ಶುಲ್ಕ ಎಷ್ಟೆಂದು ಕುತೂಹಲದಿಂದ ವಿಚಾರಿಸಿದೆ. ಷೇರು ನೀಡಿಕೆಗೆ ೨೦೨೦ರ ಜುಲೈಯಿಂದ ದೇಶಕ್ಕೆಲ್ಲ ಒಂದೇ ದರ, ಶೇಕಡಾ ೦.೦೦೫, ೧೦ ಕೋಟಿಗೆ ೫,೦೦೦ ರೂಪಾಯಿ. ಸಾಧಾರಣ ನಿವೇಶನವೊಂದರ ಕ್ರಯಪತ್ರಕ್ಕೆ ನಮ್ಮ ಜನ ಎಷ್ಟು ಕೊಡುತ್ತಾರೆಂದು ನೆನೆದು ನಿಟ್ಟುಸಿರು ಬಿಟ್ಟೆ.

೨೪ ತಿಂಗಳು ಕಳೆದವು. ಯಂತ್ರ ತಿಪಟೂರಿನ ಮಾರುಕಟ್ಟೆಗೂ ಬಂದಿತು. ಆ ಸಮಯದಲ್ಲಿಯೇ ಹುಡುಗನಿಗೆ ದೊಡ್ಡ ಕಾಯಿಲೆ ಹಿಡಿಯಿತು. ಆರು ವಾರ ಆಸ್ಪತ್ರೆಯಲ್ಲಿದ್ದು ಹೊರಬಂದಾಗ, ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುವ ಬದುಕು ಅವನ ಪಾಲಿಗೆ ಮುಗಿದಿತ್ತು. ಅವನ ತಂದೆ ನನ್ನ ಬಳಿಗೆ ಬಂದು, ‘ಮಗನಿಗೆ ಏನಾದರೂ ಉಳಿಯುತ್ತದೆಯೆ?’ ಎಂದು ಕೇಳಿದರು. ದನಿ ನಡುಗುತ್ತಿತ್ತು. ಆ ಪುಟವನ್ನು ತೆಗೆಸಿ ಓದಿದೆವು. ೪೮ ತಿಂಗಳಲ್ಲಿ ೨೪ ಕಳೆದಿತ್ತು. ಅವನ ೩೫ರಲ್ಲಿ ಅರ್ಧ, ಹದಿನೇಳೂವರೆ ಪಾಲು, ಅವನಿಗೆ ಗಟ್ಟಿಯಾಗಿತ್ತು. ನಮ್ಮ ಹುಡುಗಿ ಅತ್ತಳು. ಆದರೆ ಅವಳಿಗೂ ಅವನಿಗೂ ನಡುವೆ ಒಂದು ಬಿರುಸು ಮಾತೂ ಹುಟ್ಟಲಿಲ್ಲ; ಹುಟ್ಟುವುದಕ್ಕೆ ಜಾಗವೇ ಇರಲಿಲ್ಲ. ಯಾರಿಗೆ ಎಷ್ಟೆಂಬುದನ್ನು ಇಬ್ಬರೂ ನಗುತ್ತಿದ್ದ ಕಾಲದಲ್ಲಿಯೇ ಬರೆದಾಗಿತ್ತು. ಈಗಲೂ ಪ್ರತಿ ಭಾನುವಾರ ಅವಳು ಅವನ ಮನೆಗೆ ಹೋಗಿಬರುತ್ತಾಳೆ. ವಿಭಾಗಪತ್ರವಾದ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಿಬರುವವರನ್ನು ನಾನು ಕಂಡದ್ದು ಕಡಿಮೆ.

ವಕೀಲರೆಂದರೆ ಜಗಳವನ್ನು ಬೆಳೆಸುವವರೆಂದು ನಮ್ಮಲ್ಲಿ ಒಂದು ಮಾತಿದೆ. ಕೋರ್ಟಿನ ಅಂಗಳವನ್ನು ಮಾತ್ರ ಕಂಡವರ ಮಾತು ಅದು. ಓದುಗರ ಮನೆಗಳಲ್ಲಿಯೂ ಇಂದಲ್ಲ ನಾಳೆ ಮಗನೋ ಮಗಳೋ ಇಂಥ ಕಾಗದವನ್ನು ಹಿಡಿದು ಸಂಭ್ರಮದಿಂದ ಬರಬಹುದು. ಹಣ ಎಷ್ಟೆಂದು ಕೇಳುವ ಆತುರ ಎಲ್ಲರಿಗೂ ಇರುತ್ತದೆ. ಹಿರಿಯರಾದವರು ಅದಕ್ಕೆ ಮೊದಲು, ‘ಇದನ್ನು ಬರೆದ ವಕೀಲರು ಯಾರ ವಕೀಲರು?’ ಎಂದು ಕೇಳಲಿ. ‘ಅವರದು’ ಎಂಬ ಉತ್ತರ ಬಂದರೆ, ‘ನಿನ್ನವರು ಯಾರು?’ ಎಂದು ಕೇಳಲಿ. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಸಿಹಿ ಹಂಚಿದರಾಯಿತು.